ಪದ್ಯ ಒಂದೇ, ಅರ್ಥ ಹಲವು: ನಮ್ಮ ಶಿರಸಿ ಜಗಲಿಯಲ್ಲಿ ಸ್ಪೆಲ್ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದ ಭಾನುವಾರ ಮಧ್ಯಾಹ್ನ ಶಿರಸಿಯಲ್ಲಿ ಮಾಡಲಿಕ್ಕೆ ಹೆಚ್ಚೇನೂ ಇರುವುದಿಲ್ಲ. ತೋಟಕ್ಕೆ ಹೋದರೆ ಉಂಬಳ, ಪೇಟೆಗೆ ಹೋದರೆ ಕೊಡೆ ಮಗುಚಿ ಹಾಕುವ ಗಾಳಿ. ಹಾಗಾಗಿ ನಾವು ಏಳು ಮಂದಿ ನಮ್ಮ ಮನೆಯ ಜಗಲಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಒಬ್ಬ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಾನೆ, ಇಬ್ಬರು ಕಾರವಾರದವರು, ಉಳಿದವರು ಇಲ್ಲೇ ಸುತ್ತಮುತ್ತ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ನಾಲ್ಕು ತಾಸು ಆಡಿದರೆ ಒಂದು ತಾಸು ಸ್ಪೆಲ್‌ಗಳ, ಅಂದರೆ ಪಾತ್ರಗಳು ಹಾಕುವ ಮಂತ್ರಗಳ ಅರ್ಥದ ಮೇಲೆ ಜಗಳ. ಹೊಸಬರು ಬಂದಾಗಲೆಲ್ಲ ಅದೇ ಜಗಳ ಮೊದಲಿನಿಂದ ಶುರುವಾಗುತ್ತದೆ. ಬಾಯಿ ನೋಯಿಸಿಕೊಂಡದ್ದು ಸಾಕು ಎಂದು ಬರೆದಿಟ್ಟಿದ್ದೇನೆ.

ಯಾವ ಆವೃತ್ತಿ ಆಡುತ್ತೀರಿ? ಪುಸ್ತಕ ಕೊಳ್ಳಲೇಬೇಕಾ?

ಐದನೆಯ ಆವೃತ್ತಿ. ಅದು ಬಂದದ್ದು 2014ರಲ್ಲಿ, ಪರಿಷ್ಕರಣೆ ಆದದ್ದು 2024ರಲ್ಲಿ. ನಾವು ಆಡುವುದು 2014ರ ನಿಯಮ. ಎರಡರ ನಡುವೆ ವ್ಯತ್ಯಾಸ ಇರುವಲ್ಲಿ ಕೆಳಗೆ ಹೇಳಿದ್ದೇನೆ. ಕೊಳ್ಳಬೇಕೆಂದಿಲ್ಲ. ಎಸ್‌ಆರ್‌ಡಿ 5.1 ಎಂಬ ಮೂಲ ನಿಯಮಗಳ ಕಡತವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ಪರಿಷ್ಕೃತ ನಿಯಮಗಳ 5.2 ಕಡತ 2025ರ ಏಪ್ರಿಲ್‌ನಲ್ಲಿ ಬಂತು. ಇಲ್ಲಿ ಚರ್ಚೆ ಮಾಡಿದ ಸ್ಪೆಲ್‌ಗಳನ್ನೆಲ್ಲ ಈ ಕಡತಗಳಲ್ಲಿ ಓದಿಕೊಳ್ಳಬಹುದು.

ಎರಡನ್ನೂ ಒಂದೇ ದಿನ ಜಗಲಿಗೆ ತರಬೇಡಿ. ಹೆಸರು ಒಂದೇ ಇರುತ್ತದೆ, ಒಳಗಿನ ಸರಕು ಬೇರೆ. 2014ರ ಸ್ಲೀಪ್‌ನಲ್ಲಿ 5ಡಿ8, ಅಂದರೆ ಎಂಟು ಮುಖದ ಐದು ಡೈಸ್ ಉರುಳಿಸಿ, ಬಂದಷ್ಟು ಹಿಟ್ ಪಾಯಿಂಟ್‌ನ (ಉಳಿದ ಜೀವಬಲದ ಅಂಕಿ) ಜೀವಿಗಳನ್ನು ಕಡಿಮೆ ಇದ್ದವರಿಂದ ಹಿಡಿದು ಮಲಗಿಸುತ್ತಾ ಹೋಗುವುದು, ಸೇವ್ (ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ಇಲ್ಲ. 2024ರಲ್ಲಿ ಅದೇ ಸ್ಲೀಪ್‌ಗೆ ವಿಸ್ಡಮ್ (ವಿವೇಕ) ಸೇವ್ ಇದೆ. ಒಬ್ಬ ಮೊಬೈಲಿನಲ್ಲಿ ಹೊಸದು, ಮತ್ತೊಬ್ಬ ಪ್ರಿಂಟ್ ತೆಗೆದ ಹಳೆಯದು ಹಿಡಿದು ಕೂತರೆ ಇಬ್ಬರೂ ಸರಿ, ಆಟ ಮಾತ್ರ ಮುಂದೆ ಹೋಗುವುದಿಲ್ಲ.

ವಿವರಣೆಯಲ್ಲಿ ಬರೆಯದೇ ಇದ್ದದ್ದನ್ನು ಸ್ಪೆಲ್‌ನಿಂದ ಮಾಡಿಸಬಹುದಾ?

ಈ ಪುಟ ಹುಟ್ಟಿದ್ದೇ ಈ ಪ್ರಶ್ನೆಯಿಂದ. ನಮ್ಮ ಕಡೆಯವರಿಗೆ ಇದನ್ನು ತಾಳಮದ್ದಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದರ ಮೇಲೆ ಅರ್ಧ ತಾಸು ಮಾತಾಡುತ್ತಾನೆ. ಮಾತಿನಲ್ಲಿ ಅವನಿಗೆ ಪೂರ್ತಿ ಸ್ವಾತಂತ್ರ್ಯ. ಆದರೆ ಕರ್ಣನ ಅರ್ಥ ಹೇಳುವವ ಕೃಷ್ಣನನ್ನು ವಾದದಲ್ಲಿ ಎಷ್ಟು ಚಂದ ಸೋಲಿಸಿದರೂ ಮುಂದಿನ ಪದ್ಯದಲ್ಲಿ ರಥದ ಗಾಲಿ ಹೂತುಕೊಳ್ಳಲೇಬೇಕು. ಸ್ಪೆಲ್‌ನ ವಿವರಣೆ ಪದ್ಯ. ಅದಕ್ಕೆ ನೀವು ಕೊಡುವ ಬಣ್ಣ, ಬಾಯಲ್ಲಿ ಹೇಳುವ ಮಂತ್ರ, ಕೈಯ ಅಭಿನಯ, ಇವೆಲ್ಲ ಅರ್ಥ. ನಿಮ್ಮ ಫೈರ್ ಬೋಲ್ಟ್ ಸೂಡಿಯ ಬೆಂಕಿಯಂತೆ ಕಿಡಿ ಉದುರಿಸುತ್ತಾ ಹೋಯಿತು ಎನ್ನಿ, ನಾನು ತಲೆದೂಗುತ್ತೇನೆ. ಆ ಕಿಡಿ ಶತ್ರುವಿನ ಕಣ್ಣಿಗೆ ಬಿದ್ದು ಅವನು ಕುರುಡಾದ ಎಂದರೆ ಆಗುವುದಿಲ್ಲ. ಕುರುಡಾಗಿಸುವ ಸ್ಪೆಲ್ ಬೇರೆ ಇದೆ, ಅದಕ್ಕೆ ಬೇರೆ ಸ್ಲಾಟ್ (ಸ್ಪೆಲ್ ಹಾಕಲು ಎಣಿಸಿ ಸಿಗುವ ಅವಕಾಶ) ಕೊಡಬೇಕು.

ಎಲ್ಲ ಹೊಸಬರೂ ತರುವ ಉದಾಹರಣೆ ಕ್ರಿಯೇಟ್ ವಾಟರ್. 10 ಗ್ಯಾಲನ್ ನೀರು, ಅಂದರೆ 38 ಲೀಟರಿನ ಹತ್ತಿರ, ನಮ್ಮ ಲೆಕ್ಕದಲ್ಲಿ ಮೂರು ಕೊಡ. ಅದನ್ನು ಶತ್ರುವಿನ ಶ್ವಾಸಕೋಶದೊಳಗೆ ಸೃಷ್ಟಿಸಿದರೆ? ಪದ್ಯ ಓದಿ. ನೀರು ಬರುವುದು ತೆರೆದ ಪಾತ್ರೆಯಲ್ಲಿ, ಇಲ್ಲವೇ 30 ಅಡಿಯ ಘನದಲ್ಲಿ ಮಳೆಯಾಗಿ. ಶ್ವಾಸಕೋಶ ತೆರೆದ ಪಾತ್ರೆಯಲ್ಲ. ‘ಬಾಯಿ ತೆರೆದಿದೆಯಲ್ಲ ಭಾವ’ ಎಂದು ನಮ್ಮ ಪೈಕಿ ಒಬ್ಬ ಎರಡು ವಾರ ವಾದ ಮಾಡಿದ. ಮೂರನೆಯ ವಾರ ನಾನು ಕೇಳಿದೆ: ‘ಸರಿ, ಒಪ್ಪಿದೆ. ಮುಂದಿನ ಸಲ ಎದುರಾಳಿ ಪೂಜಾರಿ ನಿನ್ನ ಮೇಲೆ ಇದನ್ನೇ ಹಾಕುತ್ತಾನೆ, ಆಗಬಹುದಾ?’ ಅಲ್ಲಿಗೆ ಮುಗಿಯಿತು. ಮೊದಲ ಲೆವೆಲ್‌ನ ಸ್ಪೆಲ್ ಒಂದೇ ಏಟಿಗೆ ಜೀವ ತೆಗೆಯುವುದಾದರೆ ಮೇಲಿನ ಎಂಟು ಲೆವೆಲ್ ಯಾಕಿವೆ ಎಂದೂ ಯೋಚಿಸಿ.

ಗ್ರೀಸ್ ಸ್ಪೆಲ್‌ನದೂ ಅದೇ ಕಥೆ. ಜಿಡ್ಡು ಎಂದ ಮೇಲೆ ಬೆಂಕಿ ಹತ್ತಲೇಬೇಕಲ್ಲ? 2014ರ ವಿವರಣೆಯಲ್ಲಿ ಬೆಂಕಿಯ ಮಾತೇ ಇಲ್ಲ. ಫೈರ್‌ಬಾಲ್‌ನಲ್ಲಾದರೆ, ಯಾರೂ ಧರಿಸಿರದ, ಹಿಡಿದಿರದ, ಉರಿಯಬಲ್ಲ ವಸ್ತುಗಳು ಹೊತ್ತಿಕೊಳ್ಳುತ್ತವೆ ಎಂದು ಬಿಡಿಸಿ ಬರೆದಿದ್ದಾರೆ. ಬೆಂಕಿ ಹತ್ತಬೇಕಾದಲ್ಲಿ ಬರೆಯುವ ರೂಢಿ ಇದೆ ಎಂದಾಯಿತು. ಬರೆಯದೇ ಇರುವಲ್ಲಿ ಹತ್ತುವುದಿಲ್ಲ ಎಂದೇ ನಾನು ಓದಿದ್ದೆ. 2024ರಲ್ಲಿ ಅದು ಉರಿಯದ ಜಿಡ್ಡು ಎಂದು ಸ್ಪಷ್ಟವಾಗಿ ಸೇರಿಸಿದರು. ಆ ದಿನ ನಾನು ಎಲ್ಲರಿಗೂ ತೊಡದೇವು ಹಂಚಿದ್ದೇನೆ.

ಇದರ ಅರ್ಥ ಕಲ್ಪನೆಗೆ ಜಾಗವೇ ಇಲ್ಲ ಎಂದಲ್ಲ. ಮೇಜ್ ಹ್ಯಾಂಡ್ ವಸ್ತುಗಳನ್ನು ಹಿಡಿಯಬಲ್ಲದು, ಬೀಗವಿಲ್ಲದ ಬಾಗಿಲು ತೆರೆಯಬಲ್ಲದು, 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಹೊರಬಲ್ಲದು. ದಾಳಿ ಮಾಡುವುದಿಲ್ಲ. ದೋಣಿ ಕಟ್ಟಿದ ಹಗ್ಗದ ಗಂಟನ್ನು ಬಿಚ್ಚುತ್ತದೆಯೇ? ಪುಸ್ತಕದಲ್ಲಿ ಗಂಟಿನ ಮಾತಿಲ್ಲ, ಆದರೆ ಬಾಗಿಲು ತೆರೆಯುವ ಕೈಗೆ ಗಂಟು ಭಾರವಲ್ಲ. ಬಿಚ್ಚಲಿ ಎಂದೆ. ದೋಣಿಯನ್ನೇ ಎಳೆದು ತರಲಿ ಎಂದಾಗ ಬೇಡ ಎಂದೆ.

ಎರಡು ನಿಯಮ ಒಂದಕ್ಕೊಂದು ವಿರುದ್ಧ ಇದ್ದರೆ?

ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಮೀರುತ್ತದೆ. ಸ್ಪೆಲ್‌ನೊಳಗೆ ಬರೆದದ್ದು ವಿಶೇಷ. ಇದು ಪುಸ್ತಕದ್ದೇ ಮಾತು.

ಫೈರ್‌ಬಾಲ್ ನಿಜವಾಗಿ ಎಷ್ಟು ದೊಡ್ಡದು?

20 ಅಡಿ ತ್ರಿಜ್ಯದ ಗೋಳ. ‘20 ಅಡಿ’ ಎಂದು ಕೇಳಿದ ಕೂಡಲೇ ಜನ ಅದನ್ನು ಈ ತುದಿಯಿಂದ ಆ ತುದಿ 20 ಎಂದುಕೊಳ್ಳುತ್ತಾರೆ. ಅಲ್ಲ, ಅಡ್ಡಳತೆ 40 ಅಡಿ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 9 ಅಡಿ ಅಂತರ ಬಿಡುತ್ತೇವಲ್ಲ, ಆ ಲೆಕ್ಕದಲ್ಲಿ ಹದಿನೈದು ಹದಿನಾರು ಮರ ಒಂದು ಫೈರ್‌ಬಾಲ್‌ನ ಒಳಗೆ ಬರುತ್ತವೆ. ನೆಲದ ಮಟ್ಟದಲ್ಲಿ ಸಿಡಿಸಿದರೆ 20 ಅಡಿ ಎತ್ತರಕ್ಕೂ ಹೋಗುತ್ತದೆ. ಹೀಗೆ ಹೇಳಿದ ಮೇಲೆ ನಮ್ಮ ಮಾಂತ್ರಿಕ ಒಮ್ಮೆ ಹಿಂದೆ ಮುಂದೆ ನೋಡಿ ಬೆರಳು ತೋರಿಸಲು ಕಲಿತಿದ್ದಾನೆ. ಐದು ಅಡಿಗೆ ಒಂದು ಚೌಕದಂತೆ ನಕ್ಷೆ ಬರೆದರೆ ಕೇಂದ್ರದಿಂದ ನಾಲ್ಕು ಚೌಕ.

ಗೋಡೆಯ ಮೂಲೆ ತಿರುಗಿಯೂ ಬೆಂಕಿ ಹರಡುತ್ತದೆ, ಕಂಬದ ಹಿಂದೆ ನಿಂತರೆ ಉಳಿಗಾಲವಿಲ್ಲ. ಆದರೆ 20 ಅಡಿ ದಾಟುವುದಿಲ್ಲ. ಹಳೆಯ ಆಟಗಾರರು ಕೆಲವರು ಚಿಕ್ಕ ಕೋಣೆಯೊಳಗೆ ಹಾಕಿದರೆ ಬೆಂಕಿ ಬಾಗಿಲಿನಿಂದ ವಾಪಸು ನುಗ್ಗಿ ಹಾಕಿದವನನ್ನೇ ಸುಡುತ್ತದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮೊದಲ ಆವೃತ್ತಿಯ ಕಾಲದಲ್ಲಿ ಅದು ಗಾತ್ರ ತುಂಬುವ ತನಕ ಹರಡುತ್ತಿತ್ತು. ಈಗ ಆ ನಿಯಮ ಇಲ್ಲ.

ಗುರಿಯಿಟ್ಟ ಜಾಗ ಕಾಣದೆ, ನಡುವೆ ಗೋಡೆ ಇದ್ದರೆ ಫೈರ್‌ಬಾಲ್ ಗೋಡೆಯ ಈಚೆ ಬದಿಯಲ್ಲೇ ಸಿಡಿಯುತ್ತದೆ. ಅಂದರೆ ನಿಮ್ಮ ಮುಖದ ಎದುರು. ಸೋಗೆ ಮಾಡಿನ ಮನೆಯ ಒಳಗಿಂದ ಹಾಕುವುದಾದರೆ ಮೊದಲು ಆಮೇಲೆ ಎಲ್ಲಿ ಮಲಗುತ್ತೀರಿ ಎಂದು ಹೇಳಿ.

ಕಾನ್ಸಂಟ್ರೇಶನ್ ಯಾವಾಗ ಮುರಿಯುತ್ತದೆ?

ಗೋಕರ್ಣದ ಕಥೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಕೆ ಮುಟ್ಟುವ ತನಕ ಆತ್ಮಲಿಂಗ ನೆಲಕ್ಕೆ ಇಡಬಾರದು, ಇಟ್ಟರೆ ಅಲ್ಲೇ ನೆಲೆಸುತ್ತದೆ. ಕಾನ್ಸಂಟ್ರೇಶನ್ ಎಂದರೆ ಕೈಯಲ್ಲಿ ಹಿಡಿದ ಲಿಂಗ: ಕೆಲವು ಸ್ಪೆಲ್ ಮುಂದುವರಿಯಲು ಹಾಕಿದವನು ಬಿಡದೆ ಇಡಬೇಕಾದ ಗಮನ. ನಡೆಯಬಹುದು, ಕತ್ತಿ ಬೀಸಬಹುದು, ಮಾತಾಡಬಹುದು, ಕಾನ್ಸಂಟ್ರೇಶನ್ ಬೇಡದ ಬೇರೆ ಸ್ಪೆಲ್ ಹಾಕಬಹುದು. ಇನ್ನೊಂದು ಕಾನ್ಸಂಟ್ರೇಶನ್ ಸ್ಪೆಲ್ ಹಾಕಿದ ಕ್ಷಣ ಮೊದಲಿನದು ಬಿತ್ತು. ಪ್ರಜ್ಞೆ ತಪ್ಪಿದರೆ, ಸತ್ತರೆ, ಅಥವಾ ಏನೂ ಮಾಡಲಾಗದ ಸ್ಥಿತಿಗೆ ಹೋದರೆ ಬಿತ್ತು. ರಾವಣ ಲಿಂಗವನ್ನು ವಟುವಿನ ಕೈಗೆ ಕೊಟ್ಟ ಹಾಗೆ ಇದನ್ನು ಗೆಳೆಯನ ಕೈಗೆ ಕೊಡಲಿಕ್ಕೂ ಬರುವುದಿಲ್ಲ. ಈ ಪ್ರಶ್ನೆಯನ್ನು ನಿಜವಾಗಿಯೂ ಒಬ್ಬರು ಕೇಳಿದ್ದರು.

ಏಟು ಬಿದ್ದರೆ ಕಾನ್‌ಸ್ಟಿಟ್ಯೂಶನ್ (ದೇಹದ ಗಟ್ಟಿತನ) ಸೇವ್. ಡಿಸಿ, ಅಂದರೆ ಡೈಸ್‌ನಲ್ಲಿ ಮುಟ್ಟಬೇಕಾದ ಅಂಕಿ, 10, ಅಥವಾ ಬಿದ್ದ ಏಟಿನ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅದು. 7 ಬಿದ್ದರೆ ಡಿಸಿ 10. 26 ಬಿದ್ದರೆ 13. 27 ಬಿದ್ದರೂ 13, ಯಾಕೆಂದರೆ ಈ ಆಟದಲ್ಲಿ ಭಿನ್ನರಾಶಿಯನ್ನು ಯಾವಾಗಲೂ ಕೆಳಕ್ಕೆ ಇಳಿಸುತ್ತಾರೆ. ಎರಡು ಬಾಣ ತಾಗಿದರೆ ಎರಡು ಸೇವ್, ಕೂಡಿಸಿ ಒಂದೇ ಸಲ ಅಲ್ಲ. ಇದನ್ನು ಮರೆಯುವುದು ಆಟಗಾರರಲ್ಲ, ನಾನೇ.

ಕಾರವಾರದವರಿಗೆ ಖುಷಿ ಕೊಡುವ ಒಂದು ಸಾಲು 2014ರ ಪುಸ್ತಕದಲ್ಲಿದೆ. ಏಟೇ ಬೀಳಬೇಕೆಂದಿಲ್ಲ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೊಡ್ಡ ಅಲೆ ಮೈಮೇಲೆ ಅಪ್ಪಳಿಸಿದರೂ ಡಿಎಂ ಡಿಸಿ 10ರ ಸೇವ್ ಕೇಳಬಹುದು. ಇದನ್ನು ಓದಿದ ಮೇಲೆ ನಮ್ಮ ಸಮುದ್ರದ ಸಾಹಸಗಳೆಲ್ಲ ಜುಲೈ ತಿಂಗಳಲ್ಲೇ ನಡೆಯುತ್ತವೆ. ಮೀನುಗಾರಿಕೆ ನಿಷೇಧದ ಕಾಲದಲ್ಲಿ ಸಮುದ್ರಕ್ಕೆ ಇಳಿದ ತಪ್ಪಿಗೆ ಅಷ್ಟಾದರೂ ಆಗಬೇಡವೇ ಎಂದು ಕಾರವಾರದವರಲ್ಲೊಬ್ಬ ಕೇಳುತ್ತಾನೆ.

ಇನ್ನೊಂದು, ರೆಡಿ ಮಾಡಿಟ್ಟ ಸ್ಪೆಲ್. ‘ಬಾಗಿಲು ತೆರೆದ ಕೂಡಲೇ ಹಾಕುತ್ತೇನೆ’ ಎಂದು ಕಾದು ನಿಲ್ಲುವುದಕ್ಕೂ ಕಾನ್ಸಂಟ್ರೇಶನ್ ಬೇಕು. ಸ್ಲಾಟ್ ಆಗಲೇ ಖರ್ಚಾಗಿರುತ್ತದೆ. ಬಾಗಿಲು ತೆರೆಯದೇ ಇದ್ದರೆ ಸ್ಲಾಟ್ ಹೋಯಿತು.

ಒಂದೇ ಸರದಿಯಲ್ಲಿ ಎರಡು ಸ್ಪೆಲ್ ಹಾಕಬಹುದಾ?

2014ರ ಪ್ರಕಾರ: ಬೋನಸ್ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕೆಲಸವಾದ ಆ್ಯಕ್ಷನ್ ಜೊತೆಗೆ ಸಿಗುವ ಚಿಕ್ಕ ಕೆಲಸ) ಒಂದು ಸ್ಪೆಲ್ ಹಾಕಿದರೆ ಆ ಸರದಿಯಲ್ಲಿ ಬೇರೆ ಯಾವ ಸ್ಪೆಲ್ಲೂ ಇಲ್ಲ, ಒಂದು ಆ್ಯಕ್ಷನ್‌ನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಸ್ಪೆಲ್) ಬಿಟ್ಟು. ಯಾವುದು ಮೊದಲು ಯಾವುದು ಆಮೇಲೆ ಎಂಬುದು ಲೆಕ್ಕಕ್ಕಿಲ್ಲ. ಬೋನಸ್ ಆ್ಯಕ್ಷನ್‌ನಲ್ಲಿ ಗಾಯ ಮಾಯಿಸುವ ಹೀಲಿಂಗ್ ವರ್ಡ್ ಹೇಳಿ ಫೈರ್‌ಬಾಲ್ ಹಾಕಲಾಗದು, ಫೈರ್‌ಬಾಲ್ ಹಾಕಿ ಹೀಲಿಂಗ್ ವರ್ಡ್ ಹೇಳಲೂ ಆಗದು. ಆ ಸರದಿಯೊಳಗೆ ರಿಯಾಕ್ಷನ್‌ನಲ್ಲಿ (ಬೇರೆಯವರ ನಡೆಗೆ ತಕ್ಷಣದ ಪ್ರತಿಕ್ರಿಯೆ) ಏಟು ತಡೆಯುವ ಶೀಲ್ಡ್ ಸ್ಪೆಲ್ ಹಾಕುವುದೂ ಇಲ್ಲ. ಎದುರಾಳಿಯ ಸರದಿ ಬಂದ ಮೇಲೆ ಧಾರಾಳವಾಗಿ ಹಾಕಿ.

2024ರವರು ಇದನ್ನು ಒಂದೇ ಸಾಲಿಗೆ ಇಳಿಸಿದರು: ಒಂದು ಸರದಿಗೆ ಒಂದೇ ಸ್ಪೆಲ್ ಸ್ಲಾಟ್. ಪ್ರಾಮಾಣಿಕವಾಗಿ ಹೇಳುವುದಾದರೆ ಇದೇ ಒಳ್ಳೆಯದು. ಮುಂದಿನ ಮಳೆಗಾಲಕ್ಕೆ ಬದಲಾಯಿಸುವ ವಿಚಾರ ಇದೆ.

ಎದುರಾಳಿ ಯಾವ ಸ್ಪೆಲ್ ಹಾಕುತ್ತಿದ್ದಾನೆ ಎಂದು ತಿಳಿದ ಮೇಲೆ ಅದನ್ನು ತಡೆಯುವ ಕೌಂಟರ್‌ಸ್ಪೆಲ್ ಹಾಕಬಹುದಾ?

ನಮ್ಮಲ್ಲಿ ಇಲ್ಲ. ನಾನು ಹೇಳುವುದು ಇಷ್ಟೇ: ‘ಅವನು ಏನೋ ಮಂತ್ರ ಶುರುಮಾಡಿದ.’ ಆಮೇಲೆ ಮೂರು ಎಣಿಸುವಷ್ಟು ಸುಮ್ಮನಿರುತ್ತೇನೆ. ಆ ಮೌನದಲ್ಲಿ ಹೇಳಿದರೆ ಹೇಳಿದಿರಿ. ನೀವು ಹಾಕುವಾಗಲೂ ಇದೇ ಕ್ರಮ. ‘ಒಂದು ಸ್ಪೆಲ್ ಹಾಕುತ್ತೇನೆ’ ಎಂದು ಮೊದಲು ಹೇಳಿ, ನನ್ನ ಮುಖ ನೋಡಿ, ಆಮೇಲೆ ಹೆಸರು ಹೇಳಿ. ನನ್ನ ಮಾಂತ್ರಿಕರಿಗೂ ಕೌಂಟರ್‌ಸ್ಪೆಲ್ ಬರುತ್ತದಲ್ಲ. ನೀವು ಹೆಸರು ಹೇಳಿಬಿಟ್ಟ ಮೇಲೆ ಕೇಳಿಲ್ಲ ಎಂದು ನಟಿಸಲು ನನ್ನಿಂದಾಗದು.

ಕೌಂಟರ್‌ಸ್ಪೆಲ್ ಹಾಕಲು ಅವನು 60 ಅಡಿಯೊಳಗೆ ಇರಬೇಕು, ಅವನು ಮಂತ್ರ ಹಾಕುವುದು ನಿಮಗೆ ಕಾಣಬೇಕು. ಮೂರನೆಯ ಲೆವೆಲ್‌ನ ಸ್ಲಾಟ್ ಕೊಟ್ಟರೆ ಮೂರು ಮತ್ತು ಅದಕ್ಕಿಂತ ಕೆಳಗಿನ ಸ್ಪೆಲ್ ತಾನಾಗಿ ನಿಲ್ಲುತ್ತದೆ. ಮೇಲಿನದಾದರೆ 10 ಕೂಡಿಸು ಆ ಸ್ಪೆಲ್‌ನ ಲೆವೆಲ್, ಅದು ಡಿಸಿ. 2017ರ ಪೂರಕ ಪುಸ್ತಕವೊಂದರಲ್ಲಿ ರಿಯಾಕ್ಷನ್ ಬಳಸಿ ಸ್ಪೆಲ್ ಗುರುತಿಸುವ ಐಚ್ಛಿಕ ನಿಯಮ ಇದೆ. ಆದರೆ ಗುರುತಿಸಿದವನ ರಿಯಾಕ್ಷನ್ ಅಲ್ಲಿಗೇ ಖಾಲಿ, ತಡೆಯಲು ಬೇರೊಬ್ಬ ಬೇಕು. ಇಬ್ಬರು ಮಾಂತ್ರಿಕರಿದ್ದಾಗ ಒಬ್ಬ ಕೂಗುವುದು, ಮತ್ತೊಬ್ಬ ತಡೆಯುವುದು. ಒಮ್ಮೆ ಹಾಗೆ ಆಡಿದೆವು, ಮಜಾ ಬಂತು.

ಪಿಸುಮಾತಿನಲ್ಲಿ ಮಂತ್ರ ಹೇಳಿದರೆ ಆಗುವುದಿಲ್ಲವಾ?

ಆಗುವುದಿಲ್ಲ. ಬಾಯಿಮಾತು ಬೇಕಾದ ಸ್ಪೆಲ್‌ಗೆ ನಿರ್ದಿಷ್ಟ ಶ್ರುತಿ, ನಿರ್ದಿಷ್ಟ ಅನುರಣನ ಬೇಕು ಎಂದು ಪುಸ್ತಕ ಹೇಳುತ್ತದೆ. ಮಾತಾಡುವ ದನಿಯಷ್ಟಾದರೂ ಇರಲಿ ಎಂದು ನಮ್ಮ ಒಪ್ಪಂದ. ಬಾಯಿಗೆ ಬಟ್ಟೆ ತುರುಕಿದರೆ, ಸೈಲೆನ್ಸ್ ಸ್ಪೆಲ್‌ನ 20 ಅಡಿ ತ್ರಿಜ್ಯದೊಳಗೆ ಸಿಕ್ಕಿಬಿದ್ದರೆ ಅಂಥ ಸ್ಪೆಲ್ ಇಲ್ಲ.

ಸಾಮಗ್ರಿಯ ಬಗ್ಗೆ: ಬೆಲೆ ಬರೆಯದ ಸಾಮಗ್ರಿಯನ್ನು ನಿಮ್ಮ ಚೀಲ ಅಥವಾ ಮಾಂತ್ರಿಕ ದಂಡ ನೋಡಿಕೊಳ್ಳುತ್ತದೆ. ಬೆಲೆ ಬರೆದಿದ್ದರೆ ಅದೇ ವಸ್ತು ಬೇಕು. ಮಾಂತ್ರಿಕ ವಸ್ತು ಗುರುತಿಸುವ ಐಡೆಂಟಿಫೈಗೆ 100 ಚಿನ್ನದ ನಾಣ್ಯದ ಮುತ್ತು ಬೇಕು, ಅದು ಖರ್ಚಾಗುವುದಿಲ್ಲ. ಸತ್ತವನನ್ನು ಎಬ್ಬಿಸುವ ರಿವಿವಿಫೈಗೆ 300ರ ವಜ್ರ ಬೇಕು, ಅದು ಕರಗಿಹೋಗುತ್ತದೆ. ‘ಖರ್ಚಾಗುತ್ತದೆ’ ಎಂದು ಬರೆದಿದ್ದರೆ ಮಾತ್ರ ಖರ್ಚು.

ರಿಚುವಲ್ ಹಾಕಲು ಎಷ್ಟು ಹೊತ್ತು?

ಮಾಮೂಲಿ ಸಮಯದ ಮೇಲೆ 10 ನಿಮಿಷ. ಸ್ಲಾಟ್ ಬೇಡ. ಯುದ್ಧದ ನಡುವೆ ಕೂತು ಮಾಡುತ್ತೇನೆ ಎನ್ನುವವರಿಗೆ: ಒಂದು ಸುತ್ತು ಎಂದರೆ 6 ಸೆಕೆಂಡ್, ಹತ್ತು ನಿಮಿಷ ಎಂದರೆ ನೂರು ಸುತ್ತು.

ಸಜೆಶನ್ ಹಾಕಿ ಯಾರಿಂದ ಏನು ಬೇಕಾದರೂ ಮಾಡಿಸಬಹುದಲ್ಲ?

ಎಲ್ಲ ಜಗಳಗಳ ತಾಯಿ ಇದು. ಎರಡನೆಯ ಲೆವೆಲ್, ಒಂದೆರಡು ವಾಕ್ಯದ ಸಲಹೆ, ವಿಸ್ಡಮ್ ಸೇವ್, ಸೋತರೆ 8 ತಾಸಿನ ತನಕ ಅವನು ಹೇಳಿದ್ದನ್ನು ಮಾಡಲು ಹೊರಡುತ್ತಾನೆ. ಷರತ್ತು: ಸಲಹೆ ಸಮಂಜಸ ಎಂದು ಕೇಳುವಂತೆ ಇರಬೇಕು. ತನ್ನನ್ನೇ ಇರಿದುಕೊ, ಬೆಂಕಿಗೆ ಹಾರು ಎಂದರೆ ಸ್ಪೆಲ್ ಕೊನೆಯಾಗುತ್ತದೆ. ಇಲ್ಲಿನ ಒಂದೇ ಒಂದು ಪದ, ಸಮಂಜಸ, ಎಷ್ಟು ಭಾನುವಾರಗಳನ್ನು ನುಂಗಿದೆ ಎಂದರೆ ಹೇಳಲು ನಾಚಿಕೆ.

ನಮ್ಮ ಆಟದಲ್ಲಿ ನದೀಮುಖದಲ್ಲಿ ಒಂದು ಕೋಟೆ ಇದೆ. ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಮಿರ್ಜಾನ್ ಕೋಟೆ ನೋಡಿದವರಿಗೆ ಅದನ್ನು ಎಲ್ಲಿಂದ ಕದ್ದೆ ಎಂದು ಗೊತ್ತಾಗುತ್ತದೆ. ಬಾಗಿಲಲ್ಲಿ ಕಾವಲುಗಾರ. ‘ಬಂದರಿಗೆ ಹೋಗಿ ದೋಣಿ ಬಂತಾ ನೋಡಿಕೊಂಡು ಬಾ, ನಾವು ಇಲ್ಲಿ ನೋಡಿಕೊಳ್ಳುತ್ತೇವೆ.’ ಸಮಂಜಸ. ‘ಕೀಲಿಗೊಂಚಲು ನಮಗೆ ಕೊಟ್ಟು ಮನೆಗೆ ಹೋಗಿ ಮಲಗು.’ ಇಲ್ಲಿ ಜಗಳ ಹತ್ತಿತು. ಪುಸ್ತಕವೇ ಕೊಡುವ ಉದಾಹರಣೆಯಲ್ಲಿ ಒಬ್ಬ ಯೋಧೆಗೆ ನಿನ್ನ ಯುದ್ಧದ ಕುದುರೆಯನ್ನು ಮೊದಲು ಸಿಗುವ ಭಿಕ್ಷುಕನಿಗೆ ಕೊಡು ಎಂದು ಸಲಹೆ ಕೊಡಬಹುದು ಎಂದಿದೆ. ಕುದುರೆ ಕೊಡುವುದಾದರೆ ಕೀಲಿ ಯಾಕಲ್ಲ ಎಂದು ಅವರ ವಾದ. ವಾದ ಗಟ್ಟಿಯೇ ಇತ್ತು, ಒಪ್ಪಿದೆ. ಎರಡು ವಾರದ ನಂತರ ಖಳನಾಯಕಿ ಅವರದೇ ಯೋಧನಿಗೆ ಸಜೆಶನ್ ಹಾಕಿ ‘ನಿನ್ನ ಕತ್ತಿಯನ್ನು ಆ ಬಾವಿಗೆ ಎಸೆದು ಹೋಗಿ ಕೈಕಾಲು ತೊಳೆದುಕೊ’ ಎಂದಳು. ಅವನು ಸೇವ್ ಸೋತ. ಕತ್ತಿ ಬಾವಿಗೆ ಹೋಯಿತು. ಆ ಆಟಗಾರ ಒಂದು ತಿಂಗಳು ಬರಲಿಲ್ಲ. ತಪ್ಪು ನನ್ನದು. ಎದುರಿಗಿದ್ದವರ ಮೇಲೆ ಕೊಟ್ಟ ತೀರ್ಪನ್ನೇ ಅವರ ಮೇಲೂ ಕೊಟ್ಟೆ ಸರಿ, ಆದರೆ ಮೊದಲ ತೀರ್ಪು ಕೊಡುವಾಗಲೇ ಈ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಯೋಚಿಸಿರಲಿಲ್ಲ.

ಈಗ ನಮ್ಮ ಅಳತೆಗೋಲು ಇದು: ಮರುದಿನ ಬೆಳಿಗ್ಗೆ ‘ಹಾಗೆ ಯಾಕೆ ಮಾಡಿದೆ ಮಾರಾಯ?’ ಎಂದು ಮೇಲಿನವನು ಕೇಳಿದರೆ ಅವನ ಬಾಯಲ್ಲಿ ಒಂದು ಉತ್ತರ ಇರಬೇಕು. ಪೆಚ್ಚು ಉತ್ತರವಾದರೂ ಅಡ್ಡಿಯಿಲ್ಲ. ‘ದೋಣಿ ಬಂದಿರಬಹುದು ಎನಿಸಿತು’ ಉತ್ತರ. ‘ಕೀಲಿ ಯಾರಿಗೋ ಕೊಟ್ಟೆ’ ಉತ್ತರವಲ್ಲ. ‘ಅವರು ಹೊಸ ಪಾಳಿಯವರು ಎಂದರು’ ಎಂಬುದು ಉತ್ತರ, ಹಾಗಾಗಿ ಸಲಹೆಯೊಳಗೇ ಕಾರಣವನ್ನು ಹೊಸೆದು ಹೇಳಿ. ಕುದುರೆಯ ಉದಾಹರಣೆಗೆ ಈ ಅಳತೆಗೋಲು ಹೊಂದುವುದಿಲ್ಲ ಎಂದು ನೀವು ಹೇಳಬಹುದು. ದಾನ ಮಾಡಿದೆ ಎಂದರೆ ನಮ್ಮಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಎರಡು ಸಣ್ಣ ಸಂಗತಿ ಜನ ಮರೆಯುತ್ತಾರೆ. ಒಂದು, ಅವನಿಗೆ ನಿಮ್ಮ ಭಾಷೆ ತಿಳಿಯಬೇಕು. ಕೋಟೆಯ ಕಾವಲುಗಾರ ಕೊಂಕಣಿ ಮಾತ್ರ ಬಲ್ಲವ ಎಂದು ನಾನು ಮೊದಲೇ ಬರೆದಿಟ್ಟಿದ್ದೆ. ಘಟ್ಟದ ಮೇಲಿನ ಮಾಂತ್ರಿಕ ಅಚ್ಚ ಕನ್ನಡದಲ್ಲಿ ಸಜೆಶನ್ ಹಾಕಿ ಸ್ಲಾಟ್ ಕಳೆದುಕೊಂಡ, ಕಾರವಾರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು, ಸಲಹೆ ಬೇರೆ, ಮಂತ್ರದ ಮಾತು ಬೇರೆ. ಕಾವಲುಗಾರನ ಮುಖದೆದುರು ನಿಂತು ಮಂತ್ರ ಹೇಳಿ ಆಮೇಲೆ ಸಲಹೆ ಕೊಡಬೇಕು. ಪಕ್ಕದಲ್ಲಿ ಎರಡನೆಯ ಕಾವಲುಗಾರ ಇದ್ದರೆ ಅವನಿಗೆ ಕಣ್ಣಿದೆ.

ಮುಗಿದ ಮೇಲೆ ಅವನಿಗೆ ಗೊತ್ತಾಗುತ್ತದೆಯೇ? ಮನಸ್ಸು ಒಲಿಸುವ ಚಾರ್ಮ್ ಪರ್ಸನ್‌ನಲ್ಲಿ ಗೊತ್ತಾಗುತ್ತದೆ ಎಂದು ಬರೆದಿದೆ. ಸಜೆಶನ್‌ನಲ್ಲಿ ಬರೆದಿಲ್ಲ. ಪದ್ಯದಲ್ಲಿ ಇಲ್ಲ, ಆದ್ದರಿಂದ ತಾನಾಗಿ ಗೊತ್ತಾಗುವುದಿಲ್ಲ. ಕೂತು ಯೋಚಿಸಿ ಪತ್ತೆ ಹಚ್ಚಿದರೆ ಅದು ಅವನ ಬುದ್ಧಿ.

ಫೈರ್‌ಬಾಲ್ ದಾಳಿ ಅಲ್ಲ ಎನ್ನುತ್ತೀರಿ. ತಲೆ ಸರಿ ಇದೆಯಾ?

ಇದೆ. ಈ ಆಟದಲ್ಲಿ ‘ಅಟ್ಯಾಕ್’ ಎಂದರೆ ಅಟ್ಯಾಕ್‌ಗೆಂದು ಡಿ20 ಉರುಳಿಸಿದಾಗ ಮಾತ್ರ. ಫೈರ್‌ಬಾಲ್‌ನಲ್ಲಿ ಎದುರಿನವರು ಸೇವ್ ಉರುಳಿಸುತ್ತಾರೆ, ನೀವು ಅಟ್ಯಾಕ್ ಉರುಳಿಸುವುದಿಲ್ಲ. ಹಾಗಾಗಿ ಅಟ್ಯಾಕ್ ಮೇಲೆ ಕೆಲಸ ಮಾಡುವ ನಿಯಮಗಳು ಅದಕ್ಕೆ ತಾಗುವುದಿಲ್ಲ. ಶೀಲ್ಡ್ ನಿಮ್ಮ ಎಸಿಗೆ (ಏಟು ತಾಗಲು ಎದುರಿನವರು ಮುಟ್ಟಬೇಕಾದ ಅಂಕಿ) 5 ಕೂಡಿಸುತ್ತದೆ, ಫೈರ್‌ಬಾಲ್ ಎಸಿಯನ್ನು ಕೇಳುವುದೇ ಇಲ್ಲ. ಆದರೆ ಅದೃಶ್ಯನಾಗಿದ್ದವ ಫೈರ್‌ಬಾಲ್ ಹಾಕಿದರೆ ಇನ್‌ವಿಸಿಬಿಲಿಟಿ ಹೋಗುತ್ತದೆ, ಯಾಕೆಂದರೆ ಅದರಲ್ಲಿ ‘ಅಟ್ಯಾಕ್ ಮಾಡಿದರೆ ಅಥವಾ ಸ್ಪೆಲ್ ಹಾಕಿದರೆ’ ಎಂದು ಎರಡೂ ಇದೆ.

ನಾವು ಮಾತಾಡುವಾಗ ಎಲ್ಲಕ್ಕೂ ‘ದಾಳಿ’ ಎಂದುಬಿಡುತ್ತೇವೆ, ಗೊಂದಲದ ಬೇರು ಅಲ್ಲಿದೆ. ಅದಕ್ಕೇ ಕೆಲವು ಪದಗಳನ್ನು ನಾವು ಅನುವಾದಿಸದೆ ಹಾಗೇ ಇಟ್ಟಿದ್ದೇವೆ: ಅಟ್ಯಾಕ್, ಸೇವ್, ಟಾರ್ಗೆಟ್, ಆ್ಯಕ್ಷನ್. ಕಥೆ ಹೇಳುವಾಗ ದಾಳಿ ಎನ್ನಿ, ಏಟು ಎನ್ನಿ, ಹೊಡೆತ ಎನ್ನಿ. ಸ್ಪೆಲ್ ಮತ್ತು ಮಂತ್ರ ಎರಡೂ ಪದ ನಡೆಯುತ್ತವೆ. ಅಲುಗಾಡದಂತೆ ಹಿಡಿದಿಡುವ ಹೋಲ್ಡ್ ಪರ್ಸನ್‌ನ ‘ಪರ್ಸನ್’ ಮಾತ್ರ ಎಚ್ಚರಿಕೆಯಿಂದ ಓದಿ, ಅದು ಹ್ಯೂಮನಾಯ್ಡ್ (ಮನುಷ್ಯರಂಥ) ವರ್ಗದ ಜೀವಿಗಳಿಗೆ ಮಾತ್ರ. ಎಷ್ಟೇ ಸಭ್ಯವಾಗಿ ಮಾತಾಡುವ ಡ್ರ್ಯಾಗನ್ ಆದರೂ ಪರ್ಸನ್ ಅಲ್ಲ.

ಬೀಚಿನಲ್ಲಿ ಫಾಗ್ ಕ್ಲೌಡ್ ನಿಲ್ಲುತ್ತದಾ?

ಕಾರವಾರದವರ ಪ್ರಶ್ನೆ, ಒಳ್ಳೆಯ ಪ್ರಶ್ನೆ. 2014ರ ವಿವರಣೆಯಲ್ಲಿ ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮಂಜು ಚದುರುತ್ತದೆ. ಮಧ್ಯಾಹ್ನ ಸಮುದ್ರದಿಂದ ಗಾಳಿ ಏಳುವ ಹೊತ್ತಿನಲ್ಲಿ ಟಾಗೋರ್ ಬೀಚಿನ ಮರಳಿನಲ್ಲಿ ಕೂತು ಮಂಡಕ್ಕಿ ತಿನ್ನಲು ನೋಡಿದವರಿಗೆ ಉತ್ತರ ಗೊತ್ತು. ಹಾಗಾಗಿ ತೆರೆದ ಕಡಲತೀರದಲ್ಲಿ ಹಗಲು ಹಾಕಿದರೆ ನಾನು ಗಾಳಿಗೆ ಒಂದು ಡೈಸ್ ಉರುಳಿಸುತ್ತೇನೆ. ರಾತ್ರಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ತಿರುಗಿದ ಮೇಲೆ, ಅಥವಾ ಕಾಳಿ ನದಿಯ ಒಳಗಿನ ಕಾಂಡ್ಲಾ ಗಿಡಗಳ ಮರೆಯಲ್ಲಿ ಹಾಕಿದರೆ ಉರುಳಿಸುವುದಿಲ್ಲ. 2024ರಲ್ಲಿ ಅಂಕಿ ತೆಗೆದು ‘ಜೋರು ಗಾಳಿ’ ಎಂದಷ್ಟೇ ಬರೆದಿದ್ದಾರೆ, ಗಸ್ಟ್ ಆಫ್ ವಿಂಡ್ ಎಂಬ ಸ್ಪೆಲ್ ಎಬ್ಬಿಸುವಂಥದ್ದು. ಆ ಲೆಕ್ಕದಲ್ಲಿ ಕಡಲಗಾಳಿಗೆ ಮಂಜು ತಡೆದುಕೊಳ್ಳುತ್ತದೆ.

ಮಂಜಿನೊಳಗಿನ ಒಂದು ವಿಚಿತ್ರ: ಇಬ್ಬರಿಗೂ ಇಬ್ಬರೂ ಕಾಣದಿದ್ದರೆ, ಕಾಣದವನನ್ನು ಹೊಡೆಯುವ ಡಿಸ್‌ಅಡ್ವಾಂಟೇಜ್ (ಎರಡು ಡಿ20ಯಲ್ಲಿ ಕಡಿಮೆಯದು), ಅವನಿಗೆ ಕಾಣದೆ ಹೊಡೆಯುವ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚಿನದು) ಒಂದನ್ನೊಂದು ಕಡಿದು ಮಾಮೂಲಿ ಡಿ20 ಉಳಿಯುತ್ತದೆ. ಕಣ್ಣು ಕಟ್ಟಿದರೂ ಹೊಡೆತ ಹಾಗೇ ತಾಗುತ್ತದೆ. ನನಗೂ ಇದು ಒಪ್ಪಿಗೆಯಿಲ್ಲ, ಆದರೆ ಬದಲಾಯಿಸಲು ಹೋದರೆ ಇನ್ನೂ ನಾಲ್ಕು ನಿಯಮ ಕೆಡುತ್ತವೆ. ಮಂಜಿನ ನಿಜವಾದ ಉಪಯೋಗ ಬೇರೆ. ‘ನಿನಗೆ ಕಾಣುವ ಜೀವಿ’ ಎಂದು ಬರೆದ ಎಲ್ಲ ಸ್ಪೆಲ್‌ಗಳೂ ಅಲ್ಲಿ ಸತ್ತವು. ಎದುರಿನ ಪೂಜಾರಿಗೆ ಹೀಲಿಂಗ್ ವರ್ಡ್ ಹೇಳಲೂ ಆಗದು.

ನೀರಿನೊಳಗೆ?

ಪೂರ್ತಿ ಮುಳುಗಿದವರಿಗೆ ಬೆಂಕಿಯ ಏಟು ಅರ್ಧ. ಲೈಟ್ನಿಂಗ್ ಬೋಲ್ಟ್ ನೀರಿನಲ್ಲಿ ಹರಡುವುದಿಲ್ಲ, 100 ಅಡಿ ಉದ್ದ 5 ಅಡಿ ಅಗಲದ ಗೆರೆಯೇ. ಉಸಿರು ಕಟ್ಟಿ ಇರಬಹುದಾದ ಸಮಯ 1 ನಿಮಿಷ ಮತ್ತು ನಿಮ್ಮ ಕಾನ್‌ಸ್ಟಿಟ್ಯೂಶನ್ ಮಾಡಿಫೈಯರ್‌ನಷ್ಟು (ಆ ಗುಣಕ್ಕೆ ಡೈಸ್ ಮೇಲೆ ಕೂಡಿಸುವ ಅಂಕಿ) ನಿಮಿಷ. ಮುಳುಗಿದವ ಮಂತ್ರ ಹೇಳಬಾರದು ಎಂದು ನಿಯಮ ಇಲ್ಲ. ನಮ್ಮ ಮನೆಯ ನಿಯಮ: ಹೇಳಬಹುದು, ಹೇಳಿದ ಪ್ರತಿ ಸಲ ಒಂದು ನಿಮಿಷದ ಉಸಿರು ಖರ್ಚು. ವಾಟರ್ ಬ್ರೀದಿಂಗ್ ಇದ್ದವರಿಗೆ ಇದು ಅನ್ವಯಿಸದು. ಅದು ಹತ್ತು ಜನರಿಗೆ 24 ತಾಸು ಬರುತ್ತದೆ, ರಿಚುವಲ್ ಆಗಿಯೂ ಹಾಕಬಹುದು, ದಯವಿಟ್ಟು ಕಲಿತುಕೊಳ್ಳಿ.

ಭೌತಶಾಸ್ತ್ರದ ಪ್ರಕಾರ ನೋಡಿದರೆ…

ನೋಡುವುದು ಬೇಡ. ಇಂಜಿನಿಯರಿಂಗ್ ಓದಿದವ ನಮ್ಮಲ್ಲೂ ಒಬ್ಬನಿದ್ದಾನೆ. ಅಂತರ್ಜಾಲದಲ್ಲಿ ಹಳೆಯ ಜೋಕೊಂದನ್ನು ಓದಿಕೊಂಡು ಬಂದ. ಮಾರಿಕಾಂಬಾ ಜಾತ್ರೆಯ ಸರತಿ ಸಾಲಿನಂತೆ ಸಾವಿರ ಜನರನ್ನು 5 ಅಡಿಗೆ ಒಬ್ಬರಂತೆ ನಿಲ್ಲಿಸುವುದು. ಪ್ರತಿಯೊಬ್ಬರೂ ರೆಡಿ ಮಾಡಿಟ್ಟ ಆ್ಯಕ್ಷನ್‌ನಿಂದ ಒಂದು ಈಟಿಯನ್ನು ಮುಂದಿನವರಿಗೆ ದಾಟಿಸುವುದು. ಒಂದು ಸುತ್ತು 6 ಸೆಕೆಂಡ್, ಅಷ್ಟರಲ್ಲಿ ಈಟಿ 5000 ಅಡಿ ಹೋಯಿತು, ಅಂದರೆ ಒಂದೂವರೆ ಕಿಲೋಮೀಟರ್. ಆ ವೇಗದಲ್ಲಿ ಎಸೆದರೆ ಕೋಟೆಯೇ ಪುಡಿ! ಲೆಕ್ಕ ಸರಿಯಾಗಿದೆ. ಆದರೆ ಈಟಿ ದಾಟಿಸುವಾಗ ಆಟದ ನಿಯಮ ಹಿಡಿದವನು ಏಟು ಲೆಕ್ಕ ಹಾಕುವಾಗ ಪಠ್ಯಪುಸ್ತಕ ತೆಗೆದ. ಕೊನೆಯ ತನಕ ಆಟದ ನಿಯಮವೇ ಆದರೆ ಎಸೆದ ಈಟಿಗೆ 1ಡಿ6. 2024ರ ಡಿಎಂ ಕೈಪಿಡಿಯಲ್ಲಿ ನಿಯಮಗಳು ಭೌತಶಾಸ್ತ್ರವಲ್ಲ ಎಂದು ಬರೆದೇಬಿಟ್ಟಿದ್ದಾರೆ.

ಡಿಎಂ ತೀರ್ಪು ತಪ್ಪು ಎನಿಸಿದರೆ?

ಎರಡು ನಿಮಿಷ ವಾದ ಮಾಡಿ, ಸ್ಪೆಲ್‌ನ ಸಾಲನ್ನು ಗಟ್ಟಿಯಾಗಿ ಓದಿ. ಮುಗಿಯದಿದ್ದರೆ ಆ ದಿನಕ್ಕೆ ನಾನು ಹೇಳಿದ್ದು ನಡೆಯುತ್ತದೆ. ಕಷಾಯಕ್ಕೆ ಎದ್ದಾಗ ಪುಸ್ತಕ ನೋಡಿ, ತೀರ್ಪನ್ನು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಬರೆದದ್ದು ಎರಡೂ ಕಡೆಗೆ, ಆಟಗಾರರಿಗೂ ನನ್ನ ರಾಕ್ಷಸರಿಗೂ. ನಾನು ತಪ್ಪಿದ್ದೆ ಎಂದು ಗೊತ್ತಾದರೆ ಮುಂದಿನ ವಾರದಿಂದ ಸರಿಯಾದದ್ದು, ಹಿಂದೆ ಹೋಗಿ ಸತ್ತವರನ್ನು ಎಬ್ಬಿಸುವುದಿಲ್ಲ. ಒಮ್ಮೆ ಮಾತ್ರ ಎಬ್ಬಿಸಿದ್ದೇನೆ. ಕಾನ್ಸಂಟ್ರೇಶನ್ ಸೇವ್ ಕೇಳಲು ಮರೆತು ಒಬ್ಬಳ ಪಾತ್ರ ಸತ್ತಿತ್ತು, ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ ಫೋನ್ ಮಾಡಿ ‘ನೀನು ಬದುಕಿದ್ದೀಯ ತಂಗಿ’ ಎಂದೆ. ಅವಳ ಅಮ್ಮ ಫೋನ್ ಎತ್ತಿದ್ದರು. ಅದನ್ನು ವಿವರಿಸಲು ಒಂದು ಸ್ಪೆಲ್ಲೂ ಸಾಲಲಿಲ್ಲ.

ಡೈಸ್ ಜಗಲಿಯಿಂದ ಕೆಳಗೆ ಬಿದ್ದರೆ?

ಮತ್ತೆ ಉರುಳಿಸಿ. ಅಂಗಳದ ನೀರಿಗೆ ಬಿದ್ದರೆ ಬೀಳಿಸಿದವರೇ ಹೋಗಿ ಹೆಕ್ಕಿ ತರಬೇಕು. ಕುಮಟೆಯವನ ಕೆಂಪು ಡಿ20 ಹೋದ ವರ್ಷ ಅಡಿಕೆ ಚೀಲಗಳ ಸಂದಿಗೆ ಹೋದದ್ದು ಇನ್ನೂ ಸಿಕ್ಕಿಲ್ಲ. ಅದರಲ್ಲಿ 20 ಬಿದ್ದಿತ್ತು ಎಂದು ಅವನು ಈಗಲೂ ಹೇಳುತ್ತಾನೆ.